ಸತ್ತವರು ಏಳದಿದ್ದರೆ ಖರ್ಚೆಲ್ಲ ದಂಡವೇ?

ಪ್ರಶ್ನೆ: ವಿದೇಶಗಳಲ್ಲಿ ಸತ್ತವರ ದೇಹವನ್ನು ಹೆಪ್ಪುಗಟ್ಟಿಸಿ ಇಡುತ್ತಾರಂತೆ. ಮುಂದೆ ಯಾರೂ ಏಳದಿದ್ದರೆ ಅಷ್ಟೂ ಖರ್ಚು ದಂಡವಲ್ಲವೇ?
– ಓದುಗರೊಬ್ಬರು, ಆಟೋನಗರ್, ವಿಜಯವಾಡ

ಉತ್ತರ: ದುಡ್ಡು ಕೊಟ್ಟವರ ಮಟ್ಟಿಗೆ ದಂಡವೇ. 1967ರ ಜನವರಿಯಲ್ಲಿ ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಅವರಿಂದ ಇದು ಶುರುವಾಯಿತು. ಅವರ ದೇಹ ಈಗಲೂ ದ್ರವ ಸಾರಜನಕದ ಮೈನಸ್ 196 ಡಿಗ್ರಿ ಚಳಿಯಲ್ಲೇ ಇದೆ. ಒಬ್ಬರೂ ಎದ್ದಿಲ್ಲ.

ಆದರೆ ಇದೇ ವಿದ್ಯೆ ಬೇರೆಡೆ ದುಡಿಯುತ್ತಿದೆ. ಹೆಪ್ಪುಗಟ್ಟುವಾಗ ಜೀವಕೋಶವನ್ನು ಕೆಡಿಸುವುದು ಮಂಜಿನ ಹರಳು. ನೀರು ಹರಳಾಗದೆ ಗಾಜಿನಂತೆ ಬಿಗಿಯಲೆಂದು ಎಥಿಲೀನ್ ಗ್ಲೈಕಾಲ್‌ನಂಥದ್ದನ್ನು ಬೆರೆಸುತ್ತಾರೆ. ನಿಮ್ಮ ಆಟೋನಗರದಲ್ಲಿ ಲಾರಿ ರೇಡಿಯೇಟರ್‌ಗೆ ಸುರಿಯುವ ಕೂಲೆಂಟ್‌ನಲ್ಲಿ ಇರುವುದೂ ಸಾಮಾನ್ಯವಾಗಿ ಅದೇ! ಬಂಜೆತನ ಚಿಕಿತ್ಸೆಯಲ್ಲಿ ಭ್ರೂಣಗಳನ್ನು ಕಾಪಿಡುವುದು ಹೀಗೆ. ಬೆಂಗಳೂರಿನ ಹೆಸರಘಟ್ಟದ ಕೇಂದ್ರದಲ್ಲಿ ಹೋರಿಯ ವೀರ್ಯದ ಕಡ್ಡಿಗಳಿರುವುದೂ ದ್ರವ ಸಾರಜನಕದಲ್ಲೇ.

ಕಸಿಗೆಂದು ತೆಗೆದ ಮೂತ್ರಪಿಂಡ ಐಸಿನಲ್ಲಿ ಒಂದೂವರೆ ದಿನ ತಾಳಿದರೆ ಹೆಚ್ಚು. 2023ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು 100 ದಿನದವರೆಗೆ ಗಾಜುಗಟ್ಟಿಸಿ ಇಟ್ಟ ಇಲಿಯ ಮೂತ್ರಪಿಂಡಗಳನ್ನು ಬೆಚ್ಚಗಾಗಿಸಿ ಕಸಿ ಮಾಡಿದರು. ಅವು ಕೆಲಸ ಮಾಡಿದವು. ಇದರ ಕೀರ್ತಿಯನ್ನೆಲ್ಲ ಶವ ಕಾಯುವ ಸಂಸ್ಥೆಗಳ ತಲೆಗೆ ಕಟ್ಟಬೇಕಾಗಿಲ್ಲ. ದೇಹ ವಿಜ್ಞಾನಕ್ಕೆ ಸಲ್ಲಲಿ ಎನ್ನುವವರು ಹತ್ತಿರದ ವೈದ್ಯಕೀಯ ಕಾಲೇಜಿಗೆ ದೇಹದಾನ ಬರೆದುಕೊಡಬಹುದು.