ಹರಾಜಿಗೆ ಬಂದ ಹಳೆಯ ಗಾಜು: ಬೆಳಕಿನ ಪರೀಕ್ಷೆ ಏನು ಹೇಳುತ್ತದೆ?

1935ರಲ್ಲಿ ನ್ಯೂಯಾರ್ಕ್ ನಗರದ ದಂತವೈದ್ಯ ಎಗಾನ್ ನ್ಯೂಸ್ಟಾಟ್ ಮತ್ತು ಅವರ ಪತ್ನಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಬಣ್ಣದ ಗಾಜಿನ ಮೇಜುದೀಪವೊಂದನ್ನು 12.50 ಡಾಲರಿಗೆ ಕೊಂಡರು. ಅದು ಟಿಫನಿ ಸ್ಟುಡಿಯೋಸ್ ಎಂಬ ಸಂಸ್ಥೆಯ ತಯಾರಿಕೆ. ಸಂಸ್ಥೆ 1932ರಲ್ಲಿ ದಿವಾಳಿಯಾಗಿತ್ತು, ಅದರ ಸ್ಥಾಪಕ ಲೂಯಿಸ್ ಕಂಫರ್ಟ್ ಟಿಫನಿ 1933ರಲ್ಲಿ ತೀರಿಕೊಂಡಿದ್ದರು. ಅವರ ದೀಪಗಳನ್ನು ಆಗ ಕೇಳುವವರಿರಲಿಲ್ಲ. 2018ರ ಡಿಸೆಂಬರಿನಲ್ಲಿ ಅದೇ ಸಂಸ್ಥೆಯ ‘ಪಾಂಡ್ ಲಿಲಿ’ ದೀಪವೊಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 33,72,500 ಡಾಲರಿಗೆ ಹೋಯಿತು. 2024ರ ನವೆಂಬರಿನಲ್ಲಿ ಟಿಫನಿಯ ‘ಡ್ಯಾನರ್’ ಸ್ಮಾರಕ ಕಿಟಕಿ ಸಾದಬೀಸ್ ಹರಾಜಿನಲ್ಲಿ ಸುಮಾರು 1.24 ಕೋಟಿ ಡಾಲರ್ ತಂದಿತು.

ಇಂಥ ಬೆಲೆ ಬಂದ ಮೇಲೆ ನಕಲು ಬಾರದೆ ಇರುತ್ತದೆಯೆ? ಅಸಲಿ ದೀಪವೂ ನಕಲಿ ದೀಪವೂ ಬಹುಪಾಲು ಮರಳು, ಸೋಡಾ, ಸುಣ್ಣಗಳಿಂದಲೇ ಆದವು. ಆದರೆ ಬೆಲೆಯಲ್ಲಿ ಸಾವಿರ ಪಟ್ಟು ಅಂತರ. ಈ ಅಂತರವನ್ನು ಅಳೆಯಲು ಭೌತವಿಜ್ಞಾನ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಎಂಬುದು ಈ ಲೇಖನದ ವಿಷಯ. ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಪದವಿಪೂರ್ವ ಕಾಲೇಜಿನ ಪ್ರಯೋಗಶಾಲೆಯಲ್ಲೇ ಮಾಡಬಹುದು.

ಸಹಿ ಎಂಬ ದುರ್ಬಲ ಸಾಕ್ಷಿ

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನವಿಲುಗಳ ವರ್ಣಗಾಜನ್ನು ನೋಡಿದವರಿಗೆ ಲೋಹದ ಚೌಕಟ್ಟಿನಲ್ಲಿ ಗಾಜಿನ ತುಂಡುಗಳನ್ನು ಕೂರಿಸುವ ಕಲೆಯ ಪರಿಚಯವಿರುತ್ತದೆ. ಆ ಗಾಜು ಗ್ಲಾಸ್ಗೋದಿಂದ ಬಂದದ್ದು. ಟಿಫನಿಯ ದೀಪದ ಮುಚ್ಚಳದಲ್ಲಿ ಇದೇ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ. ಪ್ರತಿ ತುಂಡಿನ ಅಂಚಿಗೂ ತೆಳು ತಾಮ್ರದ ಪಟ್ಟಿ ಸುತ್ತಿ, ಪಕ್ಕಪಕ್ಕದಲ್ಲಿರಿಸಿ ಬೆಸುಗೆ ಹಾಕುತ್ತಾರೆ. ‘ವಿಸ್ಟೀರಿಯ’ ದೀಪವೊಂದರಲ್ಲೇ ಸುಮಾರು 2,000 ತುಂಡುಗಳಿವೆ. ಈ ದೀಪವನ್ನೂ ಕೊಡತಿಹುಳುವಿನ, ಅಂದರೆ ‘ಡ್ರ್ಯಾಗನ್‌ಫ್ಲೈ’ ದೀಪವನ್ನೂ ವಿನ್ಯಾಸಗೊಳಿಸಿದವರು ಮಹಿಳಾ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್. ಅವರ ಪತ್ರಗಳು ಬೆಳಕಿಗೆ ಬಂದು, 2007ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ನಡೆದ ಮೇಲಷ್ಟೆ ಇದು ಜನಜನಿತವಾಯಿತು. ದೀಪದ ಮೇಲಿರುವ ಮುದ್ರೆಯಲ್ಲಿ ಮಾತ್ರ ಇರುವುದು ಟಿಫನಿಯ ಹೆಸರೊಂದೇ.

ಮುದ್ರೆ ಅಥವಾ ಸಹಿಯನ್ನು ನಂಬಿ ಕೊಳ್ಳುವುದು ಹೊಸ ಸಂಗ್ರಾಹಕರು ಮೊದಲು ಮಾಡುವ ತಪ್ಪು. ಬೊಹೀಮಿಯದ ಲೋಟ್ಸ್ ಕಾರ್ಖಾನೆಯ ಹೊಳೆಯುವ ಹೂದಾನಿಗಳಲ್ಲಿ ಬಹಳಷ್ಟಕ್ಕೆ ಸಹಿಯೇ ಇರಲಿಲ್ಲ. ಅಂಥದರ ತಳದಲ್ಲಿ ಯಾರೋ ಟಿಫನಿಯ ಮೊದಲಕ್ಷರಗಳನ್ನು ಕೊರೆದರೆ ಬೆಲೆ ಏರಿತು. ಫ್ರಾನ್ಸಿನ ನಾನ್ಸಿ ನಗರದ ಎಮಿಲ್ ಗಾಲೆ ಅವರ ಗಾಜಿಗೂ ಇದೇ ಪಾಡು. ರುಮೇನಿಯದಲ್ಲಿ ಇತ್ತೀಚೆಗೆ ತಯಾರಾದ ಗಾಲೆ ಮಾದರಿಯ ಹೂದಾನಿಗಳ ಮೇಲೆ ಸಹಿಯ ಪಕ್ಕದಲ್ಲಿ ‘ಟಿಪ್’ ಎಂದಿರುತ್ತದೆ, ‘ಆ ಬಗೆಯದು’ ಎಂದು ಅದರ ಅರ್ಥ. ತಯಾರಕರೇನೋ ಪ್ರಾಮಾಣಿಕರೆ. ಆದರೆ ಆ ಮೂರಕ್ಷರವನ್ನು ಉಜ್ಜಿ ತೆಗೆಯಲು ಎಷ್ಟು ಹೊತ್ತು ಬೇಕು?

ಆದ್ದರಿಂದ ಅನುಭವಿಗಳು ಸಹಿಗಿಂತ ತಳದ ಸವಕಳಿಯನ್ನು ಮೊದಲು ನೋಡುತ್ತಾರೆ. ನೂರು ವರ್ಷ ಮೇಜಿನ ಮೇಲೆ ಕುಳಿತು ಎದ್ದ ವಸ್ತುವಿನಲ್ಲಿ ಗೀರುಗಳು ತಳದ ಮೇಲ್ಮೈ ತಾಗುವ ಉಂಗುರದಲ್ಲಷ್ಟೆ ಇರುತ್ತವೆ, ಅವುಗಳ ದಿಕ್ಕು ಅಡ್ಡಾದಿಡ್ಡಿ. ಉಪ್ಪು ಕಾಗದದಲ್ಲಿ ಉಜ್ಜಿ ತಂದ ಮುಪ್ಪಿನಲ್ಲಿ ಗೀರುಗಳು ಒಂದಕ್ಕೊಂದು ಸಮಾಂತರವಾಗಿರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರವೊಂದಿದ್ದರೆ ಸಾಕು.

ತೆಳುಪದರದ ಬಣ್ಣ

1894ರಲ್ಲಿ ಟಿಫನಿ ‘ಫಾವ್ರಿಲ್’ ಎಂಬ ಹೆಸರನ್ನು ನೋಂದಾಯಿಸಿದರು. ನೆಲದಲ್ಲಿ ಹೂತಿದ್ದ ರೋಮನ್ ಕಾಲದ ಗಾಜಿನ ಮೇಲೆ ಕಾಣುವ ನವಿಲುಗರಿಯ ಮಿನುಗನ್ನು ಹೊಸ ಗಾಜಿನ ಮೇಲೆ ತರುವುದು ಅವರ ಆಸೆಯಾಗಿತ್ತು. ಬಿಸಿ ಗಾಜಿನ ಮೇಲೆ ತವರದ ಅಥವಾ ಕಬ್ಬಿಣದ ಕ್ಲೋರೈಡನ್ನು ಸಿಂಪಡಿಸಿದರೆ ಆಕ್ಸೈಡಿನ ತೆಳುಪದರ ಕೂರುತ್ತದೆ. ಆಮೇಲಿನದು ನಮ್ಮ ಪಠ್ಯಪುಸ್ತಕದ ವ್ಯತಿಕರಣ.

ಒಂದು ಲೆಕ್ಕ ನೋಡೋಣ. ತವರದ ಆಕ್ಸೈಡಿನ ವಕ್ರೀಭವನ ಸೂಚ್ಯಂಕ ಸುಮಾರು 2, ಗಾಜಿನದು 1.5. ಗಾಳಿಯಿಂದ ಪದರಕ್ಕೆ ಬರುವಲ್ಲಿ ಪ್ರತಿಫಲಿಸಿದ ಅಲೆ ಅರ್ಧ ತರಂಗದೂರದಷ್ಟು ಹಂತ ತಪ್ಪುತ್ತದೆ. ಪದರದಿಂದ ಗಾಜಿಗೆ ಹೋಗುವಲ್ಲಿ ಪ್ರತಿಫಲಿಸಿದ್ದು ತಪ್ಪುವುದಿಲ್ಲ. ಆದ್ದರಿಂದ ನೇರವಾಗಿ ನೋಡಿದಾಗ, ಸೂಚ್ಯಂಕ ಮತ್ತು ದಪ್ಪದ ಗುಣಲಬ್ಧದ ಎರಡರಷ್ಟು ಅರ್ಧ ತರಂಗದೂರಕ್ಕೆ ಸಮನಾದಾಗ ಬೆಳಕು ಹೆಚ್ಚುತ್ತದೆ. 520 ನ್ಯಾನೋಮೀಟರಿನ ಹಸಿರಿಗೆ ಬೇಕಾದ ದಪ್ಪ ಬರೀ 65 ನ್ಯಾನೋಮೀಟರ್, ಅದರ ಮುಂದಿನದು 195. ಓರೆಯಾಗಿ ನೋಡಿದರೆ ಪಥವ್ಯತ್ಯಾಸ ಕಡಿಮೆಯಾಗಿ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ. ಬರೀ ಬಣ್ಣ ಬಳಿದು ಮಾಡಿದ ಅಗ್ಗದ ಅನುಕರಣೆಯಲ್ಲಿ ಈ ಸರಿದಾಟ ಕಾಣುವುದಿಲ್ಲ.

ಇಲ್ಲಿಗೆ ಭೌತವಿಜ್ಞಾನದ ಮಾತು ಮುಗಿಯಿತು ಎಂಬುದನ್ನೂ ಗಮನಿಸಬೇಕು. ಟಿಫನಿ, ಲೋಟ್ಸ್, ಅಮೆರಿಕದ ಸ್ಟ್ಯೂಬೆನ್ ಈ ಮೂವರದೂ ಒಂದೇ ತತ್ತ್ವ. 1907ರಲ್ಲಿ ಫೆಂಟನ್ ಸಂಸ್ಥೆ ಶುರುಮಾಡಿದ, ಅಚ್ಚಿನಲ್ಲಿ ಒತ್ತಿ ತೆಗೆದ ಅಗ್ಗದ ‘ಕಾರ್ನಿವಲ್’ ಗಾಜಿನದೂ ಅದೇ. ಪದರ ತಯಾರಿಕೆಯ ವಿಧಾನವನ್ನು ತಿಳಿಸುತ್ತದೆ, ತಯಾರಿಸಿದವರ ಹೆಸರನ್ನಲ್ಲ. ನಿಜವಾದ ಪ್ರಾಚೀನ ಗಾಜಿನಲ್ಲಾದರೋ ಮಣ್ಣಿನ ತೇವ ಕ್ಷಾರವನ್ನು ಕರಗಿಸಿ ಒಯ್ದು ಒಂದರ ಮೇಲೊಂದು ಹಲವು ಪದರ ಉಳಿಸಿರುತ್ತದೆ, ಅವು ಈರುಳ್ಳಿ ಸಿಪ್ಪೆಯಂತೆ ಏಳುತ್ತವೆ.

ಮಿನುಗುವ ಹಳದಿ

ಯುರೇನಿಯಂ ಸೇರಿಸಿದ ಹಳದಿ-ಹಸಿರು ಗಾಜನ್ನು 1830ರ ದಶಕದಲ್ಲಿ ಬೊಹೀಮಿಯದ ಯೋಸೆಫ್ ರೀಡೆಲ್ ಪ್ರಸಿದ್ಧಿಗೆ ತಂದರು. ಇದರ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಕಣ್ಣು ಕುಕ್ಕುವ ಹಸಿರು ಪ್ರತಿದೀಪ್ತಿ. ಬೆಳಕಿನ ಈ ಮಾರ್ಪಾಟನ್ನು ಕುರಿತ ಸ್ಟೋಕ್ಸ್ ಅವರ 1852ರ ಸಂಶೋಧನೆಯಲ್ಲಿ ಈ ಗಾಜೂ ಒಂದು ವಸ್ತುವಾಗಿತ್ತು. ಅಂಗಡಿಗಳಲ್ಲಿ ಕಳ್ಳನೋಟು ಹಿಡಿಯಲು ಇಟ್ಟಿರುವ ದೀಪವೇ ಇದಕ್ಕೆ ಸಾಕು. ದೀಪವನ್ನು ಮಾತ್ರ ಮಕ್ಕಳು ನೇರವಾಗಿ ನೋಡದಂತೆ ಎಚ್ಚರ ವಹಿಸಬೇಕು. ಮ್ಯಾಂಗನೀಸ್ ಇರುವ ಹಳೆಯ ಗಾಜೂ ಮಂಕಾಗಿ ಹಸಿರು ಬೀರುವುದುಂಟು. ಅನುಮಾನವಿದ್ದರೆ ಗೈಗರ್ ಎಣಿಕಯಂತ್ರ ಹಿಡಿಯಬೇಕು. ಕಪಾಟಿನಲ್ಲಿಟ್ಟ ತುಣುಕಿನ ವಿಕಿರಣ ಅತ್ಯಲ್ಪ, ಹೆದರಬೇಕಾಗಿಲ್ಲ. ಆದರೆ ಅದರಲ್ಲಿ ನಿಂಬೆ ಪಾನಕ ಇಡುವ ಉಮೇದು ಬೇಡ.

ಹರಾಜೇ ಹೊಸ ಗಾಜೊಂದಕ್ಕೆ ಕಾರಣವಾದ ಕಥೆಯೂ ಈ ಕಾಲದ್ದೆ. 1886ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮೇರಿ ಮಾರ್ಗನ್ ಎಂಬುವರ ಸಂಗ್ರಹ ಹರಾಜಾಯಿತು. ಅದರಲ್ಲಿದ್ದ ಸುಮಾರು ಎಂಟಂಗುಲ ಎತ್ತರದ ಚೀನೀ ಪಿಂಗಾಣಿ ಹೂದಾನಿ 18,000 ಡಾಲರಿಗೆ ಹೋಗಿ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಕೂಡಲೆ ಹಾಬ್ಸ್ ಬ್ರಾಕುನಿಯರ್ ಸಂಸ್ಥೆ ಅದೇ ಆಕಾರದ ಹೂದಾನಿಗಳನ್ನು ಗಾಜಿನಲ್ಲಿ ಮಾಡಿ ಮಾರಿತು. ಕೆಳಗೆ ಹಳದಿ, ಮೇಲೇರಿದಂತೆ ಕೆಂಪು. ಗಾಜಿನಲ್ಲಿ ಕರಗಿಸಿದ ತುಸು ಚಿನ್ನ ಈ ಕೆಂಪಿಗೆ ಮೂಲ. ಮೊದಲು ತಣಿದಾಗ ಚಿನ್ನದ ಪರಮಾಣುಗಳು ಚದುರಿರುತ್ತವೆ, ಬಣ್ಣ ಕಾಣದು. ಒಂದು ಭಾಗವನ್ನು ಮತ್ತೆ ಕಾಯಿಸಿದರೆ ಅವು ನ್ಯಾನೋ ಗಾತ್ರದ ಕಣಗಳಾಗಿ ಸೇರಿ 520-530 ನ್ಯಾನೋಮೀಟರಿನ ಹಸಿರನ್ನು ಹೀರುತ್ತವೆ, ನಮಗೆ ಕೆಂಪು ಉಳಿಯುತ್ತದೆ. ಒಂದೇ ಗಾಜು, ಕಾಯಿಸಿದಷ್ಟು ಬಣ್ಣ.

1885ರಲ್ಲಿ ಬಂದ ‘ಬರ್ಮೀಸ್’ ಗಾಜಿನಲ್ಲಿ ಚಿನ್ನವೂ ಇದೆ, ಯುರೇನಿಯಮ್ಮೂ ಇದೆ. ಬರ್ಮೀಸ್ ಎಂದು ಮಾರುವ ತುಣುಕು ಅತಿನೇರಳೆಯಲ್ಲಿ ಹಸಿರಾಗದಿದ್ದರೆ ಅದು ಆ ಗಾಜಲ್ಲ. ಹಸಿರಾದರೆ? ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಏಕೆಂದರೆ 1970ರಿಂದ ಫೆಂಟನ್ ಸಂಸ್ಥೆ ಯುರೇನಿಯಂ ಹಾಕಿಯೇ ಬರ್ಮೀಸ್ ಗಾಜನ್ನು ಮತ್ತೆ ತಯಾರಿಸಿತು. ಈ ಅಸಮತೆ ಎಲ್ಲ ಪರೀಕ್ಷೆಗಳಿಗೂ ಅಂಟಿಕೊಂಡಿದೆ. ಪರೀಕ್ಷೆ ಒಂದು ಹೇಳಿಕೆಯನ್ನು ಸುಳ್ಳೆಂದು ತೋರಿಸಬಲ್ಲದು, ನಿಜವೆಂದು ಸಾಧಿಸಲಾರದು.

ಸುಳ್ಳನ್ನು ಹಿಡಿಯುವ ಪರೀಕ್ಷೆಗಳಲ್ಲಿ ನನಗೆ ಬಲು ಇಷ್ಟವಾದದ್ದು ನಿಯೋಡಿಮಿಯಮ್ಮಿನದು. ಈ ಧಾತುವನ್ನು 1885ರಲ್ಲಿ ಔಯರ್ ಫಾನ್ ವೆಲ್ಸ್‌ಬಾಖ್ ಬೇರ್ಪಡಿಸಿದರು. ಕಲಾಗಾಜಿನಲ್ಲಿ ಅದು ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಬೊಹೀಮಿಯದ ಮೋಸರ್ ಕಾರ್ಖಾನೆಯಿಂದ. ಬಿಸಿಲಿನಲ್ಲಿ ನಸುನೇರಳೆಯಾಗಿ ಕಾಣುವ ಈ ಗಾಜು ಟ್ಯೂಬ್‌ಲೈಟಿನಲ್ಲಿ ನೀಲಿಯಾಗುತ್ತದೆ. ರೋಹಿತದರ್ಶಕದಲ್ಲಿ ನೋಡಿದರೆ 585 ನ್ಯಾನೋಮೀಟರಿನ ಸುತ್ತ ಹಳದಿ ಭಾಗದಲ್ಲಿ ಗಾಢ ಹೀರಿಕೆಪಟ್ಟಿ. ಇಂಥ ಗಾಜನ್ನು ಹತ್ತೊಂಬತ್ತನೆಯ ಶತಮಾನದ್ದೆಂದು ಯಾರಾದರೂ ಹೇಳಿದರೆ ಮಾತು ಮುಂದುವರಿಸಬೇಕಾಗಿಲ್ಲ.

ಸಾಂದ್ರತೆಯೂ ಹಾಗೆಯೆ. ತೂಗುದೀಪದ ಹರಳೊಂದು ಗಾಳಿಯಲ್ಲಿ 60 ಗ್ರಾಂ, ನೀರಿನಲ್ಲಿ 40 ಗ್ರಾಂ ತೂಗಿದರೆ ಸಾಂದ್ರತೆ 3, ಅದು ಸೀಸದ ಗಾಜು. 2.5ರ ಆಸುಪಾಸು ಬಂದರೆ ಸಾಮಾನ್ಯ ಸೋಡಾ-ಸುಣ್ಣದ ಗಾಜು. ಒಡೆದು ಅಂಟಿಸಿದ ಜಾಗದಲ್ಲಿ ಎಪಾಕ್ಸಿ ಅಂಟು ಅತಿನೇರಳೆಯಲ್ಲಿ ಹೆಚ್ಚಾಗಿ ಬಿಳಿಚು ನೀಲಿಯಾಗಿ ಹೊಳೆದು ತನ್ನನ್ನು ತಾನೇ ಬಿಟ್ಟುಕೊಡುತ್ತದೆ.

ವಿಜ್ಞಾನವೇ ನಕಲಿಗೆ ನೆರವಾಗುವುದೂ ಉಂಟು. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮ್ಯಾಂಗನೀಸ್ ಗಾಜು ನೇರಳೆಗೆ ತಿರುಗುತ್ತದೆ. ಫ್ಯಾರಡೆ 1825ರಲ್ಲೇ ಇದನ್ನು ಕುರಿತು ಬರೆದಿದ್ದರು. ಅತಿನೇರಳೆ ಕಿರಣ ಮ್ಯಾಂಗನೀಸ್ ಅಯಾನಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಅದನ್ನು ಮೂರು ಧನ ಆವೇಶದ ಸ್ಥಿತಿಗೆ ತರುವುದು ಇದಕ್ಕೆ ಕಾರಣ. ನೇರಳೆಗೆ ಬೆಲೆ ಹೆಚ್ಚೆಂದು ಕಂಡ ಕೆಲವು ವ್ಯಾಪಾರಿಗಳು ಬಣ್ಣವಿಲ್ಲದ ಗಾಜನ್ನು ಕೋಬಾಲ್ಟ್-60ರ ಗಾಮಾ ಕಿರಣಕ್ಕೊಡ್ಡಿ ದಶಕಗಳ ಕೆಲಸವನ್ನು ಗಂಟೆಗಳಲ್ಲಿ ಮುಗಿಸಿದರು. ಬಿಸಿಲು ತಂದದ್ದು ತಿಳಿನೇರಳೆ, ಗಾಮಾ ತಂದದ್ದು ಗಾಢ. ಚೆನ್ನಾಗಿ ಕಾಯಿಸಿದರೆ ಎರಡೂ ಮಾಯ.

ಕೂಗುವವರ ಲೆಕ್ಕ

ಹರಾಜಿನ ಬೆಲೆಯೂ ಒಂದು ಅಳತೆಯೆ, ಅದರಲ್ಲೂ ದೋಷವಿದೆ. 2018ರ ದೀಪಕ್ಕೆ ಸುತ್ತಿಗೆ ಬಿದ್ದದ್ದು 28 ಲಕ್ಷಕ್ಕೆ. ಉಳಿದ 5,72,500 ಡಾಲರ್, ಕೊಂಡವರು ಹರಾಜು ಸಂಸ್ಥೆಗೆ ತೆರುವ ಶುಲ್ಕ. ಮಾರುವವರು ಬೇರೆ ಕಮಿಷನ್ ಕೊಡಬೇಕಾಗುತ್ತದೆ. ಪಟ್ಟಿಯ ಭಾಷೆಯನ್ನೂ ತೂಗಿ ಓದಬೇಕು. ‘ಟಿಫನಿ ಸ್ಟುಡಿಯೋಸ್’ ಎಂದರೆ ಸಂಸ್ಥೆ ಹೊಣೆ ಹೊರುತ್ತದೆ, ‘ಟಿಫನಿಯದೆನ್ನಲಾದ’ ಎಂದರೆ ಅರ್ಧ ಹೊಣೆ, ‘ಟಿಫನಿ ಶೈಲಿಯ’ ಎಂದರೆ ಏನೂ ಇಲ್ಲ.

ಹತ್ತು ಜನ ಕೂಗುತ್ತಿದ್ದಾರೆ, ಪ್ರತಿಯೊಬ್ಬರ ಅಂದಾಜೂ ನಿಜ ಮೌಲ್ಯದ ಸುತ್ತ ಸಾಮಾನ್ಯ ವಿತರಣೆಯಂತೆ ಚದುರಿದೆ ಎಂದುಕೊಳ್ಳಿ. ಎರಡನೆಯ ಅತಿ ಹೆಚ್ಚು ಅಂದಾಜಿನವರು ಕೈಬಿಟ್ಟಾಗ ಹರಾಜು ನಿಲ್ಲುತ್ತದೆ. ಹತ್ತರಲ್ಲಿ ಎರಡನೆಯ ಗರಿಷ್ಠದ ಸರಾಸರಿ, ನಿಜ ಮೌಲ್ಯಕ್ಕಿಂತ ಒಂದು ಮಾನಕ ವಿಚಲನೆಯಷ್ಟು ಮೇಲಿರುತ್ತದೆ. ಮೌಲ್ಯ ಒಂದು ಲಕ್ಷ, ಅನಿಶ್ಚಿತತೆ ಶೇ. 20 ಆದರೆ, ತಮ್ಮ ಅಂದಾಜನ್ನೇ ನಂಬಿ ಕೂಗಿದವರು ಸರಾಸರಿ 1,20,000 ತೆರುತ್ತಾರೆ. ಗೆದ್ದವರೇ ಸೋತವರು! ಮೇಲಿನ ಪರೀಕ್ಷೆಗಳು ಅನಿಶ್ಚಿತತೆಯನ್ನು ಶೇ. 10ಕ್ಕೆ ಇಳಿಸಿದರೆ ಈ ಹೆಚ್ಚುವರಿಯೂ ಅರ್ಧವಾಗುತ್ತದೆ. ಅಸಲಿತನವನ್ನು ಸಾಧಿಸಲಾರದ ಪರೀಕ್ಷೆಗೂ ಹಣದ ಬೆಲೆ ಬರುವುದು ಹೀಗೆ.

ದೀಪವಾದರೆ ಯಾವ ಬಲ್ಬಿನಲ್ಲಿ ತೋರಿಸುತ್ತಾರೆಂದೂ ಕೇಳಬೇಕು. ಆ ಕಾಲದ ಇಂಗಾಲದ ತಂತಿಯ ಬಲ್ಬಿನ ಬಣ್ಣತಾಪ ಸುಮಾರು 2,100 ಕೆಲ್ವಿನ್, ಕೆಂಪುಮಿಶ್ರಿತ ಹಳದಿ ಬೆಳಕು. ಕುಶಲಕರ್ಮಿಗಳು ಗಾಜು ಆರಿಸಿದ್ದು ಆ ಬೆಳಕು ಹಾಯಲೆಂದು. ಬಿಳಿ ಎಲ್‌ಇಡಿ ಹಾಕಿದರೆ ಅದೇ ನೈದಿಲೆ ಬೇರೆಯೇ ಹೂವಾಗುತ್ತದೆ.

ನಮ್ಮ ದೇಶದ ಮಾತಿಗೆ ಬಂದರೆ ಕಾನೂನು ಮೊದಲು. ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲ ವಸ್ತುಗಳು ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಳೆಯ ಮನೆಯ ತೂಗುದೀಪ ವಿದೇಶದ ಹರಾಜಿಗೆ ಹೋಗಬಹುದೆಂದು ಲೆಕ್ಕ ಹಾಕುವವರು ಇದನ್ನು ಮೊದಲು ಓದಿಕೊಳ್ಳಬೇಕು.

ಅಷ್ಟು ಹಳತಲ್ಲದ ಭಾರತೀಯ ಗಾಜಿಗೂ ಸಂಗ್ರಾಹಕರಿದ್ದಾರೆ. ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಇಪ್ಪತ್ತನೆಯ ಶತಮಾನದಲ್ಲಿ ಕಾರ್ನಿವಲ್ ಮಾದರಿಯ ಮಿನುಗು ಲೋಟಗಳನ್ನೂ ಆನೆಯ ಚಿತ್ರವಿರುವ ಹೂದಾನಿಗಳನ್ನೂ ಮಾಡಿತ್ತು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅವನ್ನು ಹುಡುಕಿ ಕೊಳ್ಳುವವರಿದ್ದಾರೆ. ಕೆಲವದರ ತಳದಲ್ಲಿ ಇಂಗ್ಲಿಷಿನಲ್ಲಿ ಜೈನ್ ಎಂಬ ಹೆಸರು ಅಚ್ಚಿನಲ್ಲೇ ಮೂಡಿದೆ. ಆಮೇಲೆ ಕೊರೆದ ಸಹಿಯಾದರೆ ಅಕ್ಷರದ ಅಂಚು ಮಸೂರದಡಿ ಚೂಪಾಗಿ ಕಾಣುತ್ತದೆ. ಅಚ್ಚಿನ ಅಕ್ಷರಕ್ಕೆ ಗಾಜಿನ ಜೊತೆಗೇ ಕರಗಿ ತಣಿದ ದುಂಡು ಅಂಚಿರುತ್ತದೆ, ಬೆರಳಿಗೇ ತಿಳಿಯುತ್ತದೆ.