ವರ್ಷಕ್ಕೆ ನೂರು ಕಿಲೋಮೀಟರ್

ಮಂಗಳೂರಿನಿಂದ ಮುಂಬೈಗೆ ರೈಲಿನಲ್ಲಿ ಹೋಗಬೇಕೆಂದರೆ ಒಂದು ಕಾಲಕ್ಕೆ 2,041 ಕಿಲೋಮೀಟರ್ ಸುತ್ತಬೇಕಿತ್ತು. ಉತ್ತರಕ್ಕೆ ಹೋಗಬೇಕಾದವರು ಮೊದಲು ದಕ್ಷಿಣಕ್ಕೆ ಕೇರಳದತ್ತ ಇಳಿದು, ಪಾಲಕ್ಕಾಡಿನ ಕಣಿವೆ ದಾಟಿ ತಮಿಳುನಾಡು ಸೇರಿ, ಆಮೇಲೆ ಉತ್ತರಕ್ಕೆ ಮುಖ ಮಾಡಬೇಕು. ಹೋಟೆಲ್ ಕೆಲಸಕ್ಕೆಂದು ಮುಂಬೈ ಸೇರಿದ ಉಡುಪಿ, ಕುಂದಾಪುರದ ಹುಡುಗರು ರೈಲಿನ ಗೋಜಿಗೇ ಹೋಗದೆ ಬಸ್ಸು ಹತ್ತುತ್ತಿದ್ದುದು ಸುಮ್ಮನೆ ಅಲ್ಲ. ಕೊಂಕಣ ರೈಲು ಬಂದ ಮೇಲೆ ಅದೇ ದೂರ 914 ಕಿಲೋಮೀಟರಿಗೆ ಇಳಿಯಿತು. ಉಳಿದದ್ದು 1,127 ಕಿಲೋಮೀಟರ್. ಅಂದರೆ ಉಳಿತಾಯವೇ ಹೊಸ ದಾರಿಗಿಂತ ಉದ್ದ!

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಈ ಹಳಿ ಸುಮಾರು 740 ಕಿಲೋಮೀಟರ್. ಚಿಕ್ಕವು ದೊಡ್ಡವು ಸೇರಿ ಎರಡು ಸಾವಿರದಷ್ಟು ಸೇತುವೆಗಳು. ಸಮವಾಗಿ ಹಂಚಿದರೆ 370 ಮೀಟರಿಗೊಂದು ಸೇತುವೆ. ಗಂಟೆಗೆ ನೂರರ ವೇಗದಲ್ಲಿ ಓಡುವ ರೈಲಿಗೆ ಹದಿಮೂರು ಸೆಕೆಂಡಿಗೊಂದು. ತೊಂಬತ್ತಕ್ಕೂ ಹೆಚ್ಚು ಸುರಂಗಗಳ ಒಟ್ಟು ಉದ್ದ 84 ಕಿಲೋಮೀಟರಿನ ಆಸುಪಾಸು. ಒಂಬತ್ತು ಕಿಲೋಮೀಟರ್ ಹೋದರೆ ಅದರಲ್ಲಿ ಒಂದು ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಗೇ. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್ ಇದೆ. ಪಣವಲ್ ನದಿಯ ಮೇಲಿನ ಸೇತುವೆ ತಳದಿಂದ 64 ಮೀಟರ್ ಎತ್ತರ. ಇಪ್ಪತ್ತು ಮಹಡಿಯ ಕಟ್ಟಡದ ತಾರಸಿಯ ಮೇಲೆ ರೈಲು ಓಡಿದ ಹಾಗೆ.

ಇಷ್ಟಕ್ಕೆ ಹಿಡಿದದ್ದು ಏಳು ವರ್ಷ ಚಿಲ್ಲರೆ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ, ಹಳಿಯುದ್ದಕ್ಕೂ ರೈಲು ಓಡಿದ್ದು 1998ರ ಜನವರಿ 26ರಂದು. ಸರಾಸರಿ ವರ್ಷಕ್ಕೆ ನೂರು ಕಿಲೋಮೀಟರ್. ಇದು ಎಷ್ಟು ದೊಡ್ಡದೆಂದು ತಿಳಿಯಲು ನಮ್ಮದೇ ಇನ್ನೊಂದು ಹಳಿಯನ್ನು ಪಕ್ಕಕ್ಕಿಡಬೇಕು. 189 ಕಿಲೋಮೀಟರಿನ ಹಾಸನ–ಮಂಗಳೂರು ಮಾರ್ಗ 1960ರ ದಶಕದ ನಡುವೆ ಶುರುವಾಗಿ ಮುಗಿದದ್ದು 1979ರಲ್ಲಿ. ವರ್ಷಕ್ಕೆ ಹದಿಮೂರು ಕಿಲೋಮೀಟರ್ ಲೆಕ್ಕ. ಆ ಎಂಜಿನಿಯರುಗಳನ್ನು ಹೀಗಳೆಯಲು ಈ ಮಾತಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ 57 ಸುರಂಗಗಳನ್ನು ನೋಡಿದವರು ಅವರಿಗೆ ಕೈಮುಗಿಯುತ್ತಾರೆ. ಅವರಿಗೆ ಹಣ ಬಂದದ್ದು ಬಜೆಟ್‌ನಿಂದ ಬಜೆಟ್‌ಗೆ, ಗಿಂಡಿಯಲ್ಲಿ ನೀರು ಹನಿಸಿದಂತೆ. ಕೊಂಕಣದ ಹಣದ ಬಹುಪಾಲು ಮಾರುಕಟ್ಟೆಯ ಬಾಂಡುಗಳಿಂದ ಎತ್ತಿದ ಸಾಲ. ರೈಲು ಓಡಲಿ ಬಿಡಲಿ, ಬಡ್ಡಿ ಪ್ರತಿದಿನ ಓಡುತ್ತಿತ್ತು. ಅದರ ಮೇಲೆ ಕರಾವಳಿಯ ಮಳೆ ಬೇರೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವಂಥದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ಹೆಚ್ಚುಕಡಿಮೆ ಬಂದ್. ನದಿಯಲ್ಲಿ ಕಂಬ ಎಬ್ಬಿಸಬೇಕೆಂದರೆ ಮೇ ತಿಂಗಳೊಳಗೆ ಅದು ನೀರಿನ ಮಟ್ಟ ದಾಟಿರಬೇಕು, ತಪ್ಪಿದರೆ ಮುಂದಿನ ಮಳೆಗಾಲ ಕಳೆಯುವ ತನಕ ಕಾಯಬೇಕು. ಹಾಗಾಗಿ ಕೈಗೆ ಸಿಕ್ಕಿದ್ದು ಏಳು ವರ್ಷವೂ ಅಲ್ಲ, ಏಳು ಸಲ ಎಂಟೆಂಟು ತಿಂಗಳು.

ಈ ಲೆಕ್ಕವನ್ನು ತಲೆಯ ಮೇಲೆ ಹೊತ್ತವರು ಇ. ಶ್ರೀಧರನ್. ಪಾಲಕ್ಕಾಡು ಕಡೆಯವರು, 1932ರಲ್ಲಿ ಹುಟ್ಟಿದವರು. ಕೊಂಕಣದ ಹೊಣೆ ಬಂದಾಗ ಅವರು 58 ತುಂಬಿ ರೈಲ್ವೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿ ಕಾಗದಪತ್ರದ ಓಡಾಟ ಶುರುವಾಗುತ್ತದೆ.

ಅವರು ಮೊದಲು ಮಾಡಿದ್ದು ಗುದ್ದಲಿ ಹಿಡಿಸುವ ಕೆಲಸವಲ್ಲ. ಇಡೀ ಮಾರ್ಗವನ್ನು ಏಳು ಭಾಗ ಮಾಡಿ, ಸುಮಾರು ನೂರು ನೂರು ಕಿಲೋಮೀಟರಿಗೆ ಒಬ್ಬೊಬ್ಬ ಮುಖ್ಯ ಎಂಜಿನಿಯರನ್ನು ಕೂರಿಸಿ, ಖರ್ಚಿನ ತೀರ್ಮಾನವನ್ನೂ ಅವರ ಕೈಗೇ ಕೊಟ್ಟರು. ಕಾರವಾರದ ಎಂಜಿನಿಯರ್ ಪ್ರತಿ ಸಹಿಗೂ ಮೇಲಿನವರ ಮುಖ ನೋಡುತ್ತಾ ಕೂರಬೇಕಾಗಲಿಲ್ಲ. ಜೊತೆಗೇ ಭೂಮಿಯ ಕೆಲಸ. ಹಳಿಯ ದಾರಿಯಲ್ಲಿ 42,000ಕ್ಕೂ ಹೆಚ್ಚು ಭೂಮಾಲೀಕರು, ತೋಟ, ಗದ್ದೆ, ಮನೆ, ದೈವದ ಗುಡಿ. ಬಹುಪಾಲು ಜಮೀನು ಒಂದು ವರ್ಷದೊಳಗೆ ಕೈಗೆ ಬಂತು. ಕಾಲು ಭಾಗ ಬಿಟ್ಟು ಲೆಕ್ಕ ಹಾಕಿದರೂ, ಭಾನುವಾರ ಹಬ್ಬ ಎನ್ನದೆ ದಿನಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಯ ಜೊತೆ ಮಾತು ಮುಗಿಸಬೇಕು. ಒಂದು ಪಾಲುಪಟ್ಟಿಗೆ ಅಣ್ಣತಮ್ಮಂದಿರು ಎಷ್ಟು ವರ್ಷ ಅಲೆಯುತ್ತಾರೆಂದು ಬಲ್ಲವರಿಗೆ, ಆ ಎರಡು ಸಾವಿರ ಸೇತುವೆಗಳಿಗಿಂತ ಈ ಅಂಕಿಯೇ ಹೆಚ್ಚು ದಿಗಿಲು ಹುಟ್ಟಿಸೀತು.

ಇದೆಲ್ಲ ಅವರಿಗೆ 58ನೇ ವಯಸ್ಸಿನಲ್ಲಿ ದಿಢೀರನೆ ಹೊಳೆದದ್ದಲ್ಲ. 1964ರ ಡಿಸೆಂಬರ್ 22ರ ರಾತ್ರಿ ಧನುಷ್ಕೋಟಿಗೆ ಅಪ್ಪಳಿಸಿದ ಚಂಡಮಾರುತ ಪಾಂಬನ್ ಸೇತುವೆಯ 126 ಗರ್ಡರುಗಳನ್ನು ಸಮುದ್ರಕ್ಕೆ ಎಳೆದು ಹಾಕಿತ್ತು. ದುರಸ್ತಿಗೆ ರೈಲ್ವೆ ಇಟ್ಟ ಗಡುವು ಆರು ತಿಂಗಳು, ಮೇಲಧಿಕಾರಿಗಳು ಅದನ್ನು ಮೂರಕ್ಕೆ ಇಳಿಸಿದರು. 32ರ ಶ್ರೀಧರನ್ ಮುಗಿಸಿದ್ದು 46 ದಿನಗಳಲ್ಲಿ. ಹೊಸ ಗರ್ಡರುಗಳನ್ನು ಮಾಡಿಸುತ್ತಾ ಕೂರುವ ಬದಲು, ಕಡಲ ತಳದಲ್ಲಿ ಬಿದ್ದಿದ್ದವನ್ನು ಮೀನುಗಾರರ ಸುಳಿವು ಹಿಡಿದು ಮೇಲಕ್ಕೆತ್ತಿ ಮತ್ತೆ ಕೂರಿಸಿದರು. ದಿನಕ್ಕೆ ಎರಡೂಮುಕ್ಕಾಲು ಗರ್ಡರ್! ಇಲ್ಲೊಂದು ಕಾಕತಾಳೀಯ ಇದೆ. ಆ ಹಳೆಯ ಪಾಂಬನ್ ಸೇತುವೆಯ ಉದ್ದ ಸುಮಾರು 2,065 ಮೀಟರ್. ಹೊನ್ನಾವರದಲ್ಲಿ ಶರಾವತಿಗೆ ಅಡ್ಡಲಾಗಿ ಹೋಗುವ, ಕೊಂಕಣ ರೈಲಿನ ಅತಿ ಉದ್ದದ ಸೇತುವೆಯದೂ ಅಷ್ಟೇ.

ಆದರೆ ಸಿದ್ಧತೆಗೆ ಜಗ್ಗದ ಸಂಗತಿಗಳೂ ಇದ್ದವು. ಅದನ್ನು ಮುಚ್ಚಿಟ್ಟರೆ ಕಥೆ ಭಜನೆಯಾಗಿಬಿಡುತ್ತದೆ. ಐದು ವರ್ಷವೆಂದು ಹೊರಟ ಕೆಲಸ ಏಳು ದಾಟಿತು. ಮಾರ್ಗದ ಬಗ್ಗೆ ಗೋವಾದಲ್ಲಿ ಚಳವಳಿ ಎದ್ದು ತಿಂಗಳುಗಟ್ಟಲೆ ಕೆಲಸ ನಿಂತಿತು. ಮಣ್ಣಂತೂ ಯಾರ ಮಾತೂ ಕೇಳಲಿಲ್ಲ. ಸಹ್ಯಾದ್ರಿಯ ಕರಿಬಂಡೆಯನ್ನು ಕೊರೆಯಲು ಸ್ವೀಡನ್ನಿನ ಯಂತ್ರಗಳು ಬಂದಿದ್ದವು, ಕರ್ಬುಡೆಯ ಆರೂವರೆ ಕಿಲೋಮೀಟರ್ ಬಂಡೆ ಅವಕ್ಕೆ ಬಗ್ಗಿತು. ಗೋವಾದ ಪೆರ್ನೆಮ್‌ನಲ್ಲಿದ್ದದ್ದು ಒಂದೂವರೆ ಕಿಲೋಮೀಟರಿನ ಸುರಂಗ, ಅಷ್ಟೆ. ಒಳಗೆ ನೀರು ಕುಡಿದ ಮೆದು ಜೇಡಿಮಣ್ಣು. ಅಗೆದಷ್ಟೂ ಕುಸಿಯುತ್ತಿತ್ತು, ಯಂತ್ರ ಬಿಟ್ಟು ಕೈಯಲ್ಲೇ ಇಂಚಿಂಚು ಹೋಗಬೇಕಾಯಿತು. ನಾಲ್ಕು ಪಟ್ಟು ಉದ್ದದ ಬಂಡೆಯ ಸುರಂಗ ಮುಗಿದ ಮೇಲೂ ಇದು ಮುಗಿಯಲಿಲ್ಲ, ಇಡೀ ಮಾರ್ಗ ಇದೊಂದಕ್ಕಾಗಿ ಕಾಯಬೇಕಾಯಿತು. ಈ ಕಾಮಗಾರಿಯಲ್ಲಿ ಜೀವ ತೆತ್ತ ಕಾರ್ಮಿಕರಿಗೆ ರತ್ನಾಗಿರಿಯಲ್ಲಿ ಸ್ಮಾರಕವಿದೆ. ವೇಗದ ಲೆಕ್ಕ ಹೇಳುವವರು ಆ ಲೆಕ್ಕವನ್ನೂ ಹೇಳಬೇಕು.

ಕೊಂಕಣ ಮುಗಿಯುವ ಹೊತ್ತಿಗೆ 65 ವಯಸ್ಸಿನ ಶ್ರೀಧರನ್ ದೆಹಲಿ ಮೆಟ್ರೊಗೆ ಹೋಗಿದ್ದರು. ಅಲ್ಲಿನ ಕಚೇರಿಗಳಲ್ಲಿ, ಕಾಮಗಾರಿಯ ಜಾಗಗಳಲ್ಲಿ ಗಡಿಯಾರಗಳು ಹಿಂದಕ್ಕೆ ಎಣಿಸುತ್ತಿದ್ದವು: ಗಡುವಿಗೆ ಇನ್ನು ಇಷ್ಟು ದಿನ, ನಾಳೆಗೆ ಒಂದು ಕಡಿಮೆ. ಮೊದಲ ಹಂತದ 65 ಕಿಲೋಮೀಟರಿಗೆ ಹತ್ತು ವರ್ಷ ಗೊತ್ತುಮಾಡಿದ್ದರು, ಏಳು ವರ್ಷ ಮೂರು ತಿಂಗಳಲ್ಲಿ ಆಗಿಹೋಯಿತು. ದೆಹಲಿ ಬಿಟ್ಟಾಗ ಅವರಿಗೆ 79.

ಇಂಥವರು ರಾತ್ರಿ ಹನ್ನೊಂದರ ತನಕ ಕಡತಗಳ ನಡುವೆ ಕೂತಿರುತ್ತಿದ್ದರೆಂದು ಯಾರಾದರೂ ಊಹಿಸಿಯಾರು. ಸಂಜೆ ಆರರ ಆಸುಪಾಸಿಗೆ ಮೇಜು ಖಾಲಿ ಮಾಡಿ, ಕಚೇರಿಯ ಕೆಲಸವನ್ನು ಕಚೇರಿಯಲ್ಲೇ ಬಿಟ್ಟು ಅವರು ಮನೆಗೆ ಹೊರಡುತ್ತಿದ್ದರು.