ಒಡೆಯನಿಗೆ ಕೂಲಿ, ಆಳಿಗೆ ಕಂದಕ

1861ರ ಮೇ 23ರ ರಾತ್ರಿ ಅಮೆರಿಕದ ವರ್ಜೀನಿಯಾದಲ್ಲಿ ಮೂವರು ಗುಲಾಮರು ಚಿಕ್ಕ ದೋಣಿಯೊಂದರಲ್ಲಿ ನೀರು ದಾಟಿ ಮನ್ರೋ ಕೋಟೆಯನ್ನು ಸೇರಿದರು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲೊರಿ, ಜೇಮ್ಸ್ ಟೌನ್ಸೆಂಡ್ ಎಂದು ಅವರ ಹೆಸರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಬೇರೆ ಸರಕಾರ ಕಟ್ಟಿಕೊಂಡಿದ್ದ ಕಾಲವದು. ಸುತ್ತಲ ನಾಡು ಬಂಡಾಯಗಾರರದಾದರೂ ಕೋಟೆ ಮಾತ್ರ ಒಕ್ಕೂಟದ ಸೈನ್ಯದ ಕೈಯಲ್ಲಿತ್ತು. ಅದರ ಎದುರು ದಡದಲ್ಲಿ ಫಿರಂಗಿಗಳಿಗೆ ದಿಬ್ಬ ಕಟ್ಟುವ ಕೆಲಸಕ್ಕೆ ಈ ಮೂವರನ್ನು ಹಚ್ಚಲಾಗಿತ್ತು.

ಬಂಡಾಯ ಸೇನೆಯ ಅಧಿಕಾರಿಯೊಬ್ಬ ಬಿಳಿಯ ಬಾವುಟದೊಡನೆ ಬಂದು, ಓಡಿಹೋದ ಗುಲಾಮರನ್ನು ಮರಳಿಸಬೇಕೆಂಬ ಅಮೆರಿಕದ ಕಾನೂನನ್ನು ನೆನಪಿಸಿದ. ಕೋಟೆಯ ದಂಡನಾಯಕ ಬೆಂಜಮಿನ್ ಬಟ್ಲರ್ ವೃತ್ತಿಯಿಂದ ವಕೀಲ. ವರ್ಜೀನಿಯಾ ತಾನು ಪರದೇಶವೆಂದು ಸಾರಿಕೊಂಡ ಮೇಲೆ ಆ ಕಾನೂನಿನ ಆಸರೆ ಅದಕ್ಕಿಲ್ಲವೆಂದೂ, ಶತ್ರುವಿನ ಕೆಲಸಕ್ಕೆ ಬಳಕೆಯಾದ ಆಸ್ತಿ ಯುದ್ಧನಿಷಿದ್ಧ ಸರಕೆಂದೂ ವಾದಿಸಿದ. ಮನುಷ್ಯರನ್ನು ಸರಕೆಂದೇ ಕರೆದು ಆಶ್ರಯವಿತ್ತ ಈ ವಾದ ಕಿವಿಗೆ ಹಿತವಲ್ಲ, ಆದರೂ ಫಲಿಸಿತು. ಅದೇ ಆಗಸ್ಟ್ 6ರಂದು ಒಕ್ಕೂಟದ ಸಂಸತ್ತು ಅದನ್ನೇ ಶಾಸನವಾಗಿಸಿತು. ಸಾವಿರಾರು ಜನ ಆ ಕೋಟೆಯ ಹಾದಿ ಹಿಡಿದರು.

ಇತ್ತ ದಕ್ಷಿಣದಲ್ಲಿ ಬಿಳಿಯರು ಸೈನ್ಯಕ್ಕೆ ಹೋದಂತೆಲ್ಲ ಕಂದಕ, ಕುಲುಮೆ, ಉಪ್ಪಿನ ತಯಾರಿಕೆ, ರೈಲುದಾರಿ, ಆಸ್ಪತ್ರೆಯ ಚಾಕರಿ ಎಲ್ಲವೂ ಗುಲಾಮರ ಮೈಮೇಲೆ ಬಿದ್ದವು. 1862ರ ಅಕ್ಟೋಬರಿನಲ್ಲಿ ವರ್ಜೀನಿಯಾ 10,000 ಗುಲಾಮರನ್ನು 60 ದಿನಗಳ ಮಟ್ಟಿಗೆ ಎಳೆದು ತರಲು ಕಾನೂನು ಮಾಡಿತು. ತಿಂಗಳ ಕೂಲಿ 16 ಡಾಲರ್, ಒಡೆಯನ ಕೈಗೆ. ಬಿಟ್ಟಿ ಚಾಕರಿ ಎಂಬ ನಮ್ಮ ಮಾತು ಇದಕ್ಕೆ ಪೂರ್ತಿ ಹೊಂದದು: ಕೂಲಿಯಿತ್ತು, ದುಡಿದವನಿಗೆ ಮಾತ್ರ ಇರಲಿಲ್ಲ. ಆಳು ಸತ್ತರೆ ಪರಿಹಾರವೂ ಒಡೆಯನಿಗೇ. 1864ರ ಫೆಬ್ರವರಿಯಲ್ಲಿ ಬಂಡಾಯ ಸರಕಾರವೇ 20,000 ಗುಲಾಮರನ್ನು ಸೈನ್ಯದ ಕೆಲಸಕ್ಕೆ ಎಳೆದುಕೊಳ್ಳುವ ಅಧಿಕಾರ ಪಡೆಯಿತು.

ಒಡೆಯರು ಮುನಿದರು. ಹೆತ್ತ ಮಗನನ್ನು ರಣರಂಗಕ್ಕೆ ಕಳುಹಿಸಿದ ಜಮೀನುದಾರ ಆಳನ್ನು ಕಂದಕಕ್ಕೆ ಕಳುಹಿಸಲು ಹಿಂಜರಿದ. ಹೋದವರು ಜ್ವರ ಹಿಡಿದು, ಸೊರಗಿ ಮರಳುತ್ತಾರೆ, ಇಲ್ಲವೇ ಶತ್ರುವಿನೆಡೆಗೆ ಓಡುತ್ತಾರೆ ಎಂಬುದು ಅವರ ಅಳಲು. ಎರವಲು ಕೊಟ್ಟ ಎತ್ತಿನ ಮೇಲಿನ ಮರುಕವದು. ಆಸ್ತಿಯನ್ನು ಕಾಯಲೆಂದೇ ಹುಟ್ಟಿದ ಸರಕಾರ ಆ ಆಸ್ತಿಗೇ ಕೈಹಾಕದೆ ಉಳಿಯುವಂತಿರಲಿಲ್ಲ.

ಓಡುವವರ ಭಯವಂತೂ ಸುಳ್ಳಾಗಿರಲಿಲ್ಲ. ಚಾರ್ಲ್ಸ್‌ಟನ್ ಬಂದರಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ‘ಪ್ಲಾಂಟರ್’ ಎಂಬ ಸೈನ್ಯದ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ತಂಗಿದ್ದಾಗ, ಕಪ್ತಾನನ ಹುಲ್ಲುಟೋಪಿ ತೊಟ್ಟು, ಹೆಂಡತಿ ಮಕ್ಕಳನ್ನೂ ಸಂಗಡಿಗರನ್ನೂ ಹತ್ತಿಸಿಕೊಂಡು, ಕೋಟೆಗಳ ಮುಂದೆ ಸರಿಯಾದ ಸಂಕೇತ ಕೊಡುತ್ತ ಹಡಗನ್ನು ಒಕ್ಕೂಟದ ನೌಕಾಪಡೆಗೆ ತಲುಪಿಸಿದ. ಮುಂದೆ ಆತ ಅಮೆರಿಕದ ಸಂಸತ್ತಿನ ಸದಸ್ಯನಾದ.

ಕೊನೆಗೆ 1865ರ ಮಾರ್ಚ್ 13ರಂದು ಬಂಡಾಯ ಸರಕಾರ ಗುಲಾಮರ ಕೈಗೆ ಬಂದೂಕನ್ನೇ ಕೊಡಲು ಒಪ್ಪಿತು. ಆ ಶಾಸನದಲ್ಲಿಯೂ ಬಿಡುಗಡೆಯ ಮಾತಿರಲಿಲ್ಲ. ಅದು ಒಡೆಯನ, ರಾಜ್ಯದ ಒಪ್ಪಿಗೆಗೆ ಬಿಟ್ಟ ವಿಷಯ. ಮೂರು ವಾರಗಳಲ್ಲಿ, ಏಪ್ರಿಲ್ 3ರಂದು, ರಾಜಧಾನಿ ರಿಚ್‌ಮಂಡ್ ಬಿದ್ದಿತು. ಗುಲಾಮರು ತೋಡಿದ ಕಂದಕಗಳನ್ನು ದಾಟಿ ಮೊದಲು ಊರೊಳಗೆ ನಡೆದುಬಂದ ಪಡೆಗಳಲ್ಲಿ ಒಕ್ಕೂಟದ ಕಪ್ಪು ಸೈನಿಕರಿದ್ದರು.